ಆಟ ಒಂದೇ, ದೇಶ ಬೇರೆ: ‘ಸರ್ವೈವರ್’ ಆವೃತ್ತಿಗಳನ್ನು ಹೋಲಿಸುವುದು ಹೇಗೆ?

ಪ್ರಶ್ನೆ: ನಾನು ಅಮೆರಿಕದ ‘ಸರ್ವೈವರ್’ ಶೋನ ಸುಮಾರು ಸೀಸನ್‌ಗಳನ್ನು ನೋಡಿದ್ದೇನೆ. ಈಚೆಗೆ ಆಸ್ಟ್ರೇಲಿಯಾದ್ದು ಶುರು ಮಾಡಿದೆ. ದ್ವೀಪ, ತಂಡಗಳು, ವೋಟು ಹಾಕಿ ಒಬ್ಬೊಬ್ಬರನ್ನೇ ಮನೆಗೆ ಕಳಿಸುವುದು, ಎಲ್ಲ ಅದೇ. ಆದರೂ ಬೇರೆ ಆಟವನ್ನೇ ನೋಡುತ್ತಿದ್ದೇನೆ ಅನ್ನಿಸುತ್ತದೆ. ಫ್ರಾನ್ಸ್‌ನದ್ದು ಇನ್ನೂ ಬೇರೆ ಥರ ಇದೆಯಂತೆ. ಅಮೆರಿಕದವರು ಬೆನ್ನಿಗೆ ಚೂರಿ ಹಾಕುತ್ತಾರೆ, ಫ್ರೆಂಚರು ಮರ್ಯಾದೆಯಿಂದ ಆಡುತ್ತಾರೆ, ಅದು ಆಯಾ ದೇಶದ ಜನರ ಗುಣ ಅಂತ ಗೆಳೆಯರು ಹೇಳುತ್ತಾರೆ. ನಿಜವೇ? ಇವನ್ನು ಹೋಲಿಸುವುದು ಹೇಗೆ? ಮುಂದೆ ಯಾವುದನ್ನು ನೋಡಲಿ?

ಉತ್ತರ: ನಿಮಗೆ ಅನ್ನಿಸಿದ್ದು ಸರಿ. ಅದು ನಿಜವಾಗಿಯೂ ಬೇರೆ ಆಟವೇ. ಆದರೆ ಅದಕ್ಕೆ ಜನರ ಗುಣ ಕಾರಣ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇಷ್ಟು ವರ್ಷ ಬೇರೆ ಬೇರೆ ದೇಶದ ಸರ್ವೈವರ್ ನೋಡಿದ ಮೇಲೆ ಒಂದು ವಿಷಯ ನನಗೆ ಗಟ್ಟಿಯಾಗಿದೆ. ದೇಶದ ಗುಣ ಅಂತ ನಮಗೆ ಕಾಣುವುದರಲ್ಲಿ ಮುಕ್ಕಾಲು ಪಾಲು ನಿಯಮದ ಫಲ. ಆಟ ಎಷ್ಟು ದಿನ? ಹೊಟ್ಟೆಗೆ ಏನು ಸಿಗುತ್ತದೆ? ಫೈನಲ್‌ಗೆ ಹೋಗುವವರು ಹೇಗೆ ತೀರ್ಮಾನವಾಗುತ್ತಾರೆ? ಗೆದ್ದವರನ್ನು ಯಾರು ಆರಿಸುತ್ತಾರೆ? ಇವು ಬದಲಾದರೆ ಆಡುವ ರೀತಿಯೂ ಬದಲಾಗುತ್ತದೆ. ದ್ವೀಪಕ್ಕೆ ಬಂದವರು ಯಾವ ದೇಶದವರಾದರೂ ಸರಿ.

ಮುಂದೆ ಹೋಗುವ ಮೊದಲು ಒಂದು ಮಾತು. ನೀವು ಇನ್ನೂ ನೋಡಬೇಕಾದ ಸೀಸನ್‌ಗಳಲ್ಲಿ ಯಾರು ಗೆದ್ದರು ಅಂತ ಇಲ್ಲಿ ಹೇಳುವುದಿಲ್ಲ. ಇಂಥ ಶೋನಲ್ಲಿ ಆ ಹೆಸರು ಮೊದಲೇ ಗೊತ್ತಾದರೆ ಅರ್ಧ ಸುಖ ಹೋದ ಹಾಗೆ. ಫ್ರಾನ್ಸ್‌ನ ಒಂದೇ ಒಂದು ಸೀಸನ್ನಿನ ಅಂತ್ಯವನ್ನು ಹೇಳಲೇಬೇಕಾಗುತ್ತದೆ. ಅಲ್ಲಿ ಮೊದಲೇ ಎಚ್ಚರಿಸುತ್ತೇನೆ.

ನಿಮ್ಮ ಗೆಳೆಯರ ವಾದಕ್ಕೆ ಉತ್ತರ ಅಮೆರಿಕದ ಶೋನಲ್ಲೇ ಇದೆ. ಸಿಬಿಎಸ್ ವಾಹಿನಿ ಮೊದಲ ಸೀಸನ್ ತೋರಿಸಿದ್ದು 2000ದಲ್ಲಿ. ಜಾಗ ಮಲೇಷ್ಯಾದ ಪುಲಾವ್ ಟೀಗಾ ದ್ವೀಪ. 16 ಜನ, 39 ದಿನ, ಬಹುಮಾನ 10 ಲಕ್ಷ ಡಾಲರ್. ಆ ಸೀಸನ್ನನ್ನು ಇವತ್ತು ಮತ್ತೆ ನೋಡಿ. ಹೆಚ್ಚಿನವರಿಗೆ ಹೇಗೆ ಆಡಬೇಕು ಅಂತಲೇ ಗೊತ್ತಿಲ್ಲ. ಯಾರು ಇಷ್ಟವಿಲ್ಲವೋ, ಯಾರು ಕೆಲಸ ಮಾಡುವುದಿಲ್ಲವೋ ಅವರಿಗೆ ವೋಟು ಹಾಕುತ್ತಾರೆ. ಎರಡು ತಂಡ ಸೇರಿ ಒಂದಾದ ಮೇಲೆ ಒಬ್ಬ ಡಾಕ್ಟರು ಯಾರ ಮನಸ್ಸನ್ನೂ ನೋಯಿಸಬಾರದೆಂದು ಅಕ್ಷರಮಾಲೆಯ ಕ್ರಮದಲ್ಲಿ ವೋಟು ಹಾಕುತ್ತಿದ್ದರು! ರಿಚರ್ಡ್ ಹ್ಯಾಚ್ ಮಾತ್ರ ಮೂವರನ್ನು ಕಟ್ಟಿಕೊಂಡು ನಾಲ್ಕು ಜನರ ಕೂಟ ಮಾಡಿದರು. ಎಲ್ಲರೂ ಒಂದೇ ಹೆಸರು ಬರೆಯೋಣ ಅಂದರು. ಅಷ್ಟೇ. ಬಿಡಿಬಿಡಿಯಾಗಿ ಬಿದ್ದ ವೋಟುಗಳ ಎದುರು ನಾಲ್ಕು ವೋಟು ಒಟ್ಟಾಗಿ ಬಿದ್ದರೆ ಏನಾಗಬೇಕೋ ಅದೇ ಆಯಿತು. ಇದು ಅನ್ಯಾಯ ಅಂತ ಆಗ ಅಮೆರಿಕದ ವೀಕ್ಷಕರೇ ಸಿಟ್ಟಾದರು. ಅಂದರೆ ಅಲ್ಲಿಯವರು ಹುಟ್ಟಾ ತಂತ್ರಗಾರರೇನಲ್ಲ. ಈ ನಿಯಮದಲ್ಲಿ ಕೂಟ ಕಟ್ಟಿದವರು ಗೆಲ್ಲುತ್ತಾರೆ ಅಂತ ಒಬ್ಬರು ತೋರಿಸಿದರು, ಉಳಿದವರು ಕಲಿತರು.

ಈಗ 2021ರ 41ನೇ ಸೀಸನ್‌ಗೆ ಬನ್ನಿ. ಅದೇ ದೇಶ, ಅದೇ ನಿರೂಪಕ ಜೆಫ್ ಪ್ರೊಬ್ಸ್ಟ್, ಹಿಂದಿನ ಹಲವು ಸೀಸನ್‌ಗಳ ಅದೇ ಫಿಜಿ. ಎರಡನೇ ಸೀಸನ್ನಿನ 42 ದಿನ ಬಿಟ್ಟರೆ ಅಲ್ಲಿಯವರೆಗೆ ಆಟ 39 ದಿನದ್ದಾಗಿತ್ತು. ಕೋವಿಡ್ ಕ್ವಾರಂಟೈನ್ ಕಾರಣಕ್ಕೆ ಅದನ್ನು 26 ದಿನಕ್ಕೆ ಇಳಿಸಿದರು. ಆಮೇಲೆ ಹಾಗೇ ಉಳಿಸಿಕೊಂಡರು. ಅಕ್ಕಿ ಕೊಡುವುದನ್ನು ನಿಲ್ಲಿಸಿದರು. ಎರಡು ದೊಡ್ಡ ತಂಡದ ಬದಲು ಆರಾರು ಜನರ ಮೂರು ತಂಡ ಮಾಡಿದರು. ವೋಟು ಕಳೆದುಕೊಳ್ಳುವ ಅಪಾಯ ಇರುವ ಪಣಗಳು ಬಂದವು. ಬಚ್ಚಿಟ್ಟ ಐಡಲ್‌ಗೂ (ತೋರಿಸಿದರೆ ಆ ಸಲ ವೋಟಿನಿಂದ ಪಾರು ಮಾಡುವ ವಸ್ತು) ಷರತ್ತುಗಳು ಬಂದವು. ತನ್ನ ವೋಟು ಬಿಟ್ಟುಕೊಟ್ಟು ಆಟದಲ್ಲಿ ಉಳಿಯಲು ಆರರಲ್ಲಿ ಒಂದು ಅದೃಷ್ಟಕ್ಕೆ ಕೈಹಾಕುವ ‘ಶಾಟ್ ಇನ್ ದ ಡಾರ್ಕ್’ ಬಂತು.

ಇದರಿಂದ ಆದದ್ದೇನು? ಹಳೆಯ ಸೀಸನ್‌ಗಳಲ್ಲಿ ಏನೂ ನಡೆಯದ ದಿನಗಳಿದ್ದವು. ಸುಮ್ನೆ ಕೂತು ಮಾತಾಡುವ ದಿನಗಳು. ನಂಬಿಕೆ ಬೆಳೆಯುತ್ತಿದ್ದದ್ದು ಆಗಲೇ. ಹೊಸ ಆಟದಲ್ಲಿ ಆ ಬಿಡುವಿಲ್ಲ. ಆರು ಜನರ ತಂಡ ಎರಡು ಸಲ ಸೋತರೆ ನಾಲ್ಕೇ ಜನ ಉಳಿಯುತ್ತಾರೆ, ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಹಾಗಾಗಿ ಗಟ್ಟಿ ಕೂಟಗಳು ಕಡಿಮೆಯಾದವು. ಪ್ರತಿ ವೋಟಿಗೂ ಗುಂಪು ಬದಲಾಗುವುದು ಜಾಸ್ತಿಯಾಯಿತು. ಕೊನೆಗೆ ಜ್ಯೂರಿ ಮುಂದೆ, ಅಂದರೆ ಗೆದ್ದವರನ್ನು ಆರಿಸುವ ಔಟ್ ಆದ ಸ್ಪರ್ಧಿಗಳ ಮುಂದೆ, ತೋರಿಸಲು ‘ನನ್ನದೊಂದು ದೊಡ್ಡ ನಡೆ’ ಬೇಕು ಅನ್ನುವ ಅವಸರ ಎಲ್ಲರಿಗೂ ಹತ್ತಿತು. ಅಮೆರಿಕದ ಜನರ ಗುಣ ಎರಡು ವರ್ಷದಲ್ಲಿ ಬದಲಾಯಿತೇ? ಇಲ್ಲವಲ್ಲ.

ಫೈನಲ್ ನಿಯಮವೂ ಹೀಗೇ. ಮೊದಲು ಕೊನೆಗೆ ಇಬ್ಬರು ಉಳಿಯುತ್ತಿದ್ದರು. 2006ರ 13ನೇ ಸೀಸನ್‌ನಲ್ಲಿ ಮೊದಲ ಸಲ ಮೂವರನ್ನು ಜ್ಯೂರಿ ಮುಂದೆ ಕೂರಿಸಿದರು. ಈಗ ಅದೇ ರೂಢಿ. 2017ರ 35ನೇ ಸೀಸನ್‌ನಿಂದ ನಾಲ್ವರು ಉಳಿದಾಗ ವೋಟೇ ಇಲ್ಲ. ಕೊನೆಯ ಇಮ್ಯೂನಿಟಿ (ಔಟ್ ಆಗದಂತೆ ರಕ್ಷಣೆ ಕೊಡುವ ಪಂದ್ಯ) ಗೆದ್ದವರು ಒಬ್ಬರನ್ನು ಜೊತೆಗೆ ಕರೆದುಕೊಳ್ಳುತ್ತಾರೆ. ಉಳಿದಿಬ್ಬರು ಬೆಂಕಿ ಹೊತ್ತಿಸುವ ಪಂದ್ಯ ಆಡುತ್ತಾರೆ. ಇದರಿಂದ ಚೆನ್ನಾಗಿ ಆಡಿದವರಿಗೆ ಕೊನೆಯ ಹೊಸ್ತಿಲಲ್ಲಿ ಒಂದು ಉಳಿವಿನ ದಾರಿ ಸಿಕ್ಕಿತು, ಅದು ಒಪ್ಪತಕ್ಕದ್ದೇ. ಆದರೆ ನನಗೆ ಹಳೆಯ ನಿಯಮವೇ ಇಷ್ಟ. ನಾಲ್ವರಲ್ಲಿ ಒಬ್ಬರನ್ನು ಕಣ್ಣಲ್ಲಿ ಕಣ್ಣಿಟ್ಟು ಹೊರಗೆ ಕಳಿಸುವ ಆ ವೋಟಿನಷ್ಟು ಕಠಿಣ ಗಳಿಗೆ ಈ ಆಟದಲ್ಲಿ ಇನ್ನೊಂದಿರಲಿಲ್ಲ.

ಅಮೆರಿಕದ್ದೇ ಅಸಲಿ, ಉಳಿದದ್ದೆಲ್ಲ ನಕಲು ಅನ್ನುವವರೂ ಸಿಗುತ್ತಾರೆ. ಅದು ಸರಿಯಲ್ಲ. ಈ ಶೋ ಹುಟ್ಟಿದ್ದು ಬ್ರಿಟನ್ನಿನ ನಿರ್ಮಾಪಕ ಚಾರ್ಲಿ ಪಾರ್ಸನ್ಸ್ ಅವರ ತಲೆಯಲ್ಲಿ. ಮೊದಲು ಪ್ರಸಾರವಾದದ್ದು ಸ್ವೀಡನ್ನಿನಲ್ಲಿ, 1997ರಲ್ಲಿ, ‘ಎಕ್ಸ್‌ಪೆಡಿಷನ್ ರಾಬಿನ್ಸನ್’ ಅನ್ನುವ ಹೆಸರಿನಲ್ಲಿ. ಹೋಲಿಸುವಾಗ ಯಾವುದನ್ನೂ ಅಳತೆಗೋಲು ಮಾಡಿಕೊಳ್ಳಬೇಕಾಗಿಲ್ಲ.

ಈಗ ನೀವು ನೋಡುತ್ತಿರುವ ಆಸ್ಟ್ರೇಲಿಯಾದ್ದು. ಟೆನ್ ವಾಹಿನಿ 2016ರಲ್ಲಿ ಇದನ್ನು ಮತ್ತೆ ಶುರು ಮಾಡಿದಾಗ 24 ಜನ, 55 ದಿನ ಇಟ್ಟಿತು. ಬಹುಮಾನ 5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಆಮೇಲೆ ದಿನಗಳು ಸ್ವಲ್ಪ ಇಳಿದವು, ಆದರೆ ಮಾಮೂಲು ಸೀಸನ್‌ಗಳು 26ರ ಹತ್ತಿರಕ್ಕೂ ಬಂದಿಲ್ಲ. ಅಮೆರಿಕದ ಒಂದು ಸೀಸನ್ ವಾರಕ್ಕೊಂದರಂತೆ 13–14 ಕಂತಿನಲ್ಲಿ ಮುಗಿದರೆ, ಇಲ್ಲಿ ವಾರಕ್ಕೆ ಎರಡು ಮೂರು ರಾತ್ರಿ, ಒಟ್ಟು ಕಂತುಗಳು ಹೆಚ್ಚುಕಡಿಮೆ ಅದರ ದುಪ್ಪಟ್ಟು. ನಿಮಗೆ ಬೇರೆ ಆಟ ಅನ್ನಿಸಲು ಇದೇ ದೊಡ್ಡ ಕಾರಣ. ಒಂದು ವೋಟು ಹೇಗೆ ತಿರುಗಿತು ಅನ್ನುವುದನ್ನು ಇಲ್ಲಿ ಮೊದಲಿಂದ ಕೊನೆವರೆಗೆ ತೋರಿಸುತ್ತಾರೆ. ಯಾರು ಯಾರ ಕಿವಿಯಲ್ಲಿ ಏನು ಹೇಳಿದರು, ಅದು ಹೇಗೆ ಸೋರಿತು, ಎಲ್ಲಾ. ಬೇಗ ಔಟ್ ಆಗುವವರ ಮುಖವೂ ನೆನಪಿನಲ್ಲಿ ಉಳಿಯುತ್ತದೆ. ನನಗೆ ಈ ವಿವರ ಪ್ರಾಣ.

ತಂಡ ದೊಡ್ಡದು. ಮರ್ಜ್, ಅಂದರೆ ತಂಡಗಳು ಸೇರಿ ಒಂದಾಗುವುದು, ಬರುವುದು ತಡ. ಅಷ್ಟು ದಿನ ತಂಡ ಗೆಲ್ಲುತ್ತಿರಬೇಕು ಅಂದರೆ ಮೈಬಲ ಇರುವವರು ಬೇಕು. ಹಾಗಾಗಿ ಇಲ್ಲಿ ಗಟ್ಟಿಮುಟ್ಟಾದವರನ್ನು ಉಳಿಸಿಕೊಳ್ಳುವ ಮಾತು ಪದೇ ಪದೇ ಬರುತ್ತದೆ. ಅಮೆರಿಕದ ಹೊಸ ಸೀಸನ್‌ಗಳಲ್ಲಿ ಅಂಥವರನ್ನು ಮರ್ಜ್ ಆದ ಕೂಡಲೇ ಅಪಾಯ ಅಂತ ಕಳಿಸಿಬಿಡುತ್ತಾರೆ. ‘ಆಸ್ಟ್ರೇಲಿಯಾದವರಿಗೆ ಕ್ರೀಡೆಯ ಹುಚ್ಚು, ಅದಕ್ಕೇ ಹೀಗೆ’ ಅಂತ ಕೆಲವರು ವಿವರಿಸುತ್ತಾರೆ. ಕ್ರೀಡಾಪಟುಗಳನ್ನು ಕರೆತರುವುದಂತೂ ನಿಜ. 2018ರ ‘ಚಾಂಪಿಯನ್ಸ್ ವರ್ಸಸ್ ಕಂಟೆಂಡರ್ಸ್’ ಸೀಸನ್‌ನಲ್ಲಿ 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಈಜುಗಾರ್ತಿ ಶೇನ್ ಗೌಲ್ಡ್ ಅವರೇ ಬಂದಿದ್ದರು. ಆದರೆ 12 ಜನರ ತಂಡ, ತಡವಾದ ಮರ್ಜ್ ಅನ್ನುವ ಲೆಕ್ಕವನ್ನು ಯಾವ ದೇಶಕ್ಕೆ ಕೊಟ್ಟರೂ ಬಲಶಾಲಿಗಳ ಬೆಲೆ ಏರುತ್ತದೆ.

ಇದರ ಕೊರತೆಯನ್ನೂ ಹೇಳಬೇಕು. ಅಷ್ಟು ಕಂತು ತುಂಬಿಸಲು ಯಾರೂ ಔಟ್ ಆಗದ ಕಂತುಗಳನ್ನು ತುರುಕುತ್ತಾರೆ. ವೋಟು ಬಿದ್ದವರನ್ನು ಮನೆಗೆ ಕಳಿಸುವ ಬದಲು ಇನ್ನೊಂದು ತಂಡಕ್ಕೆ ಕಳಿಸುವುದೂ ಉಂಟು. ಅಷ್ಟು ಹೊತ್ತು ಹೊಂಚು ಹಾಕಿ ಮಾಡಿದ ಬ್ಲೈಂಡ್‌ಸೈಡ್ (ಸುಳಿವೇ ಕೊಡದೆ ಒಬ್ಬರನ್ನು ವೋಟಿನಿಂದ ಕೆಡವುವುದು) ನೀರಿನಲ್ಲಿ ಹೋಮ ಆಗುತ್ತದೆ. ಆಡಿದವರಿಗೂ ನೋಡಿದವರಿಗೂ ಇದು ಅನ್ಯಾಯ.

ಇಲ್ಲಿ ಫೈನಲ್ ಸಾಮಾನ್ಯವಾಗಿ ಇಬ್ಬರದು. ಕೊನೆಯ ಇಮ್ಯೂನಿಟಿ ಗೆದ್ದವರು ಯಾರ ಪಕ್ಕದಲ್ಲಿ ಕೂರಬೇಕೆಂದು ಆರಿಸುತ್ತಾರೆ. ಮೂರನೆಯವರನ್ನು ಬಿಡುವ ಆ ತೀರ್ಮಾನ ಒಬ್ಬರ ಕೈಯಲ್ಲೇ ಇರುತ್ತದೆ, ಅದರ ನೋವು ಜ್ಯೂರಿ ಬೆಂಚಿನಲ್ಲಿ ಬಂದು ಕೂರುತ್ತದೆ. ಅಮೆರಿಕದ ಮೂವರ ಫೈನಲ್‌ಗಿಂತ ಇದು ಎಷ್ಟೋ ಬಿಗಿ.

ದಕ್ಷಿಣ ಆಫ್ರಿಕಾದ್ದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಂ-ನೆಟ್ ವಾಹಿನಿ 2006ರಿಂದ ಇದನ್ನು ನಡೆಸಿತು. ಹೆಚ್ಚಿನ ಸೀಸನ್‌ಗಳ ನಿರೂಪಕ ನೀಕೋ ಪನಾಗಿಯೋ. ಸ್ಪರ್ಧಿಗಳಲ್ಲಿ ಶೋವನ್ನು ಅರೆದು ಕುಡಿದ ಅಭಿಮಾನಿಗಳೇ ಜಾಸ್ತಿ. ವೋಟು ಹಾಕುವ ಸಭೆಗಳಾದ ಟ್ರೈಬಲ್ ಕೌನ್ಸಿಲ್‌ಗಳಲ್ಲಿ ಮಾತು ಹರಿತ, ಎಡಿಟಿಂಗ್ ಅಚ್ಚುಕಟ್ಟು. ಬಹುಮಾನ 10 ಲಕ್ಷ ರ‍್ಯಾಂಡ್. ಈ ಮೊತ್ತವನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ‘ಬಹುಮಾನ ದೊಡ್ಡದಾದಷ್ಟೂ ಮೋಸ ಜಾಸ್ತಿ’ ಅನ್ನುವ ವಾದವೂ ಒಂದಿದೆ. ಅಮೆರಿಕದಲ್ಲಿ 10 ಲಕ್ಷ ಡಾಲರ್, ಫ್ರಾನ್ಸ್‌ನಲ್ಲಿ ಒಂದು ಲಕ್ಷ ಯೂರೋ, ಅದಕ್ಕೇ ಫ್ರೆಂಚರು ಸೌಮ್ಯ ಅನ್ನುತ್ತಾರೆ. ಆದರೆ 10 ಲಕ್ಷ ರ‍್ಯಾಂಡ್ ಒಂದು ಲಕ್ಷ ಯೂರೋಗಿಂತ ಕಡಿಮೆ ಬೆಲೆಯದು. ದಕ್ಷಿಣ ಆಫ್ರಿಕಾದವರ ಆಟವೋ ಅಮೆರಿಕದ್ದಕ್ಕಿಂತ ಒಂದು ಕೈ ಮೇಲೆ. ದುಡ್ಡಿನ ವಾದ ಇಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಫ್ರಾನ್ಸ್ ಯಾಕೆ ಬೇರೆ? ನನಗೆ ಈ ಇಡೀ ಹೋಲಿಕೆಯಲ್ಲಿ ಅತಿ ಇಷ್ಟವಾದ ಭಾಗ ಇದು. ಅಲ್ಲಿ ಶೋ ಹೆಸರು ‘ಕೋ-ಲಾಂಟಾ’. ಟಿಎಫ್1 ವಾಹಿನಿಯಲ್ಲಿ 2001ರಿಂದ ಬರುತ್ತಿದೆ. 2002ರಿಂದ ನಿರೂಪಕ ಡೆನಿ ಬ್ರೋನ್ಯಾರ್. ಸಾಮಾನ್ಯವಾಗಿ 40 ದಿನ. ತಂಡ, ಕೌನ್ಸಿಲ್, ಇಮ್ಯೂನಿಟಿ, ಜ್ಯೂರಿ ಎಲ್ಲ ಇವೆ. ಆದರೆ ನಾಲ್ವರು ಉಳಿದ ಮೇಲೆ ಏನಾಗುತ್ತದೆ ನೋಡಿ. ಮೊದಲು ಕಾಡಿನಲ್ಲಿ ದಿಕ್ಕು ಹಿಡಿದು ಹುಡುಕುವ ಪಂದ್ಯ. ಮೂರು ಬಾಕುಗಳನ್ನು ಹೂತಿಟ್ಟಿರುತ್ತಾರೆ. ಸಿಗದ ನಾಲ್ಕನೆಯವರು ಔಟ್. ಆಮೇಲೆ ಮೂವರು ನೀರಿನ ನಡುವೆ ನೆಟ್ಟ ಕಂಬಗಳ ಮೇಲೆ ನಿಲ್ಲುತ್ತಾರೆ. ಹೊತ್ತು ಕಳೆದಂತೆ ಕಾಲಿಡುವ ಜಾಗ ಕಿರಿದಾಗುತ್ತಾ ಹೋಗುತ್ತದೆ. ಕೊನೆಯವರೆಗೆ ನಿಂತವರು ಫೈನಲ್‌ಗೆ ತಮ್ಮ ಜೊತೆ ಯಾರು ಬರಬೇಕೆಂದು ಆರಿಸುತ್ತಾರೆ. ಗಮನಿಸಿದಿರಾ? ನಾಲ್ಕರಿಂದ ಎರಡಕ್ಕೆ ಇಳಿಯುವಾಗ ಕೌನ್ಸಿಲ್ ವೋಟೇ ಇಲ್ಲ.

ಇದರ ಪರಿಣಾಮ ಹಿಂದಿನ ಇಡೀ ಆಟದ ಮೇಲೆ ಬೀಳುತ್ತದೆ. ಎಷ್ಟೇ ಜಾಣ ಕೂಟ ಕಟ್ಟಿದರೂ ಅದು ನಿಮ್ಮನ್ನು ನಾಲ್ಕನೇ ಸ್ಥಾನದವರೆಗೆ ಮಾತ್ರ ತಲುಪಿಸುತ್ತದೆ. ಅಲ್ಲಿಂದ ಮುಂದೆ ಕಾಲು, ಕಣ್ಣು, ಛಲ. ಸೋತವರ ಜ್ಯೂರಿಯೂ ಇದೇ ಕಣ್ಣಿನಿಂದ ನೋಡುತ್ತದೆ. ಇವರು ಪಂದ್ಯ ಗೆದ್ದು ಬಂದವರೋ, ಅಥವಾ ಇನ್ನೊಬ್ಬರ ಬೆನ್ನ ಹಿಂದೆ ಅಡಗಿ ಬಂದವರೋ ಅಂತ ಅಳೆಯುತ್ತದೆ. ಅರ್ಹತೆಯ ಮಾತು ಅಲ್ಲಿ ಅಷ್ಟು ಕೇಳಿಬರುವುದು ಇದಕ್ಕೇ. ಈಚಿನ ಸೀಸನ್‌ಗಳಲ್ಲಿ ಔಟ್ ಆದವರು ಹೋಗುವಾಗ ಯಾರದೋ ವಿರುದ್ಧ ಒಂದು ಕರಿ ವೋಟು ಬಿಟ್ಟುಹೋಗಬಹುದು. ಅದು ಮುಂದಿನ ಕೌನ್ಸಿಲ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ. ಅಂದರೆ ಮೋಸಕ್ಕೆ ಬೆಲೆ ತೆರುವುದು ಕೊನೆಯ ದಿನ ಅಲ್ಲ, ಮುಂದಿನ ವೋಟಿನಲ್ಲೇ. ಇಂಥ ಕಡೆ ಯಾರಾದರೂ ಎಚ್ಚರದಿಂದಲೇ ಆಡುತ್ತಾರೆ. ಅದು ದೂರದಿಂದ ನಮಗೆ ಮರ್ಯಾದೆಯಂತೆ ಕಾಣುತ್ತದೆ.

ಇನ್ನು ಹಸಿವು. ಈ ಪ್ಯಾರಾದಲ್ಲಿ ‘ಕೋ-ಲಾಂಟಾ: ಲಾ ಲೆಜಾಂದ್’ ಸೀಸನ್ನಿನ ಅಂತ್ಯ ಇದೆ, ಬೇಡವಾದರೆ ಮುಂದಿನ ಪ್ಯಾರಾಕ್ಕೆ ಹೋಗಿ. 2021ರ ಆ ಸೀಸನ್‌ನಲ್ಲಿ ಹಳೆಯ ದಿಗ್ಗಜರನ್ನೇ ಕರೆಸಿದ್ದರು. ಕೆಲವು ಸ್ಪರ್ಧಿಗಳು ಕದ್ದುಮುಚ್ಚಿ ಹೊರಗಿನಿಂದ ಆಹಾರ ತರಿಸಿಕೊಂಡಿದ್ದು ಆಮೇಲೆ ಹೊರಬಿತ್ತು. ಡಿಸೆಂಬರಿನ ನೇರಪ್ರಸಾರದ ಫೈನಲ್‌ನಲ್ಲಿ ವಿಜೇತರನ್ನೇ ಘೋಷಿಸಲಿಲ್ಲ. ವೋಟೆಣಿಕೆ ನಡೆಯಲಿಲ್ಲ, ಬಹುಮಾನದ ಹಣ ದಾನಕ್ಕೆ ಹೋಯಿತು. ಸಹಸ್ಪರ್ಧಿಗೆ ಸುಳ್ಳು ಹೇಳಿದ್ದಕ್ಕೆ ಯಾವ ದೇಶದಲ್ಲೂ ಸೀಸನ್ ರದ್ದಾಗುವುದಿಲ್ಲ. ಆದರೆ ಕೋ-ಲಾಂಟಾದಲ್ಲಿ ಹಸಿವನ್ನು ತಡೆದುಕೊಳ್ಳುವುದೇ ಆಟದ ತಿರುಳು, ಅಲ್ಲಿ ಊಟ ಕದಿಯುವುದು ಎಂದರೆ ಆಟವನ್ನೇ ಕೆಡಿಸಿದಂತೆ. ಒಂದು ಆವೃತ್ತಿ ಯಾವುದನ್ನು ಪವಿತ್ರ ಅಂದುಕೊಂಡಿದೆ ಅಂತ ತಿಳಿಯಲು ಅದು ಯಾವುದನ್ನು ಕ್ಷಮಿಸುವುದಿಲ್ಲ ಅಂತ ನೋಡಬೇಕು.

ಟರ್ಕಿಯದ್ದು ಇನ್ನೊಂದು ದಿಕ್ಕು. ಅಜುನ್ ಇಲಿಜಾಲಿ ಅದರ ನಿರ್ಮಾಪಕ, ಹಲವು ಸೀಸನ್‌ಗಳ ನಿರೂಪಕ ಕೂಡ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಚಿತ್ರೀಕರಣ. ವಾರಕ್ಕೆ ಹಲವು ರಾತ್ರಿ, ತಿಂಗಳುಗಟ್ಟಲೆ ನಡೆಯುತ್ತದೆ. ಒಂದು ಕಡೆ ಹೆಸರುವಾಸಿಗಳು, ಇನ್ನೊಂದು ಕಡೆ ಸಾಮಾನ್ಯರು. ಅಡೆತಡೆ ದಾಟಿ ಓಡಿ ಕೊನೆಯಲ್ಲಿ ಗುರಿ ಇಟ್ಟು ಎಸೆಯುವ ಓಟಗಳೇ ಶೋನ ಜೀವಾಳ. ಹಲವು ಸೀಸನ್‌ಗಳಲ್ಲಿ ಯಾರು ಉಳಿಯಬೇಕು, ಯಾರು ಗೆಲ್ಲಬೇಕು ಅನ್ನುವುದನ್ನು ವೀಕ್ಷಕರ ಎಸ್ಸೆಮ್ಮೆಸ್ ವೋಟು ತೀರ್ಮಾನಿಸಿದೆ. ಮನೆಯಲ್ಲಿ ಕೂತವರ ಕೈಯಲ್ಲಿ ವೋಟು ಇರುವಾಗ ಗುಟ್ಟಾಗಿ ಸಂಚು ಮಾಡಿ ಲಾಭವೇನು? ಅಲ್ಲಿ ಸ್ಪರ್ಧಿ ಗೆಲ್ಲಬೇಕಾದ್ದು ಜನರ ಮನಸ್ಸನ್ನು. ಓಡಬೇಕು, ಹೋರಾಡಬೇಕು, ಕ್ಯಾಮೆರಾ ಮುಂದೆ ನೇರವಂತ ಅನ್ನಿಸಬೇಕು.

ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಗ್ರೀಸ್. ಅಲ್ಲಿ ಹಿಂದೆ ಹಳೆಯ ಮಾದರಿಯ ಸರ್ವೈವರ್ ಬಂದಿತ್ತು. 2017ರಲ್ಲಿ ಇಲಿಜಾಲಿ ತಮ್ಮ ಮಾದರಿಯನ್ನು ಅಲ್ಲಿಗೆ ಒಯ್ದರು. ಸ್ಕೈ ವಾಹಿನಿಯಲ್ಲಿ ಅದು ಭಾರೀ ಯಶಸ್ಸು ಕಂಡಿತು, ಗ್ರೀಕರು ಥೇಟ್ ಟರ್ಕಿಯವರ ಹಾಗೇ ಆಡಿದರು. 2019ರಲ್ಲಿ ಎರಡು ದೇಶದವರನ್ನು ಎದುರುಬದುರು ನಿಲ್ಲಿಸಿ ಒಂದು ಸೀಸನ್ನನ್ನೇ ಮಾಡಿದರು.

ಹಾಗಾದರೆ ದೇಶಕ್ಕೆ ಪಾತ್ರವೇ ಇಲ್ಲವೇ ಅಂತ ನೀವು ಕೇಳಬಹುದು. ಇದೆ, ಆದರೆ ಬೇರೆ ಬಾಗಿಲಿನಿಂದ. ಆಡುವವರ ಗುಣಕ್ಕಿಂತ ನೋಡುವವರ ರುಚಿ ಹೆಚ್ಚು ಕೆಲಸ ಮಾಡುತ್ತದೆ. ವಾಹಿನಿಯವರು ತಮ್ಮ ವೀಕ್ಷಕರಿಗೆ ಏನು ಹಿಡಿಸುತ್ತದೆ, ಯಾವ ಹೊತ್ತಿಗೆ ಎಷ್ಟು ಗಂಟೆ ತುಂಬಿಸಬೇಕು ಅಂತ ನೋಡಿ ನಿಯಮ ಬರೆಯುತ್ತಾರೆ. ಆ ನಿಯಮ ಸ್ಪರ್ಧಿಗಳನ್ನು ತಿದ್ದುತ್ತದೆ. ಫ್ರಾನ್ಸ್‌ನ ವೀಕ್ಷಕರಿಗೆ ಕಂಬದ ಮೇಲೆ ನಿಂತವರು ಇಷ್ಟ, ಅದಕ್ಕೇ ಆ ಕಂಬ ಇಷ್ಟು ವರ್ಷ ಉಳಿದಿದೆ. ರುಚಿ ಹಿಡಿಯದಿದ್ದರೆ ಶೋ ನಿಲ್ಲುತ್ತದೆ. ಬ್ರಿಟನ್ನಿನಲ್ಲಿ 2001ರಲ್ಲಿ ಐಟಿವಿ 10 ಲಕ್ಷ ಪೌಂಡ್ ಬಹುಮಾನ ಇಟ್ಟು ಶುರು ಮಾಡಿತು, ಎರಡು ಸೀಸನ್‌ಗೆ ಮುಗಿಯಿತು. 2023ರಲ್ಲಿ ಬಿಬಿಸಿ ಒಂದು ಸೀಸನ್ ಮಾಡಿ ಬಿಟ್ಟಿತು. ಭಾರತದಲ್ಲೂ 2012ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಹಿಂದಿಯಲ್ಲಿ, 2021ರಲ್ಲಿ ಝೀ ತಮಿಳ್‌ನಲ್ಲಿ ತಮಿಳಿನಲ್ಲಿ ಬಂದಿತ್ತು. ತಮಿಳಿನದ್ದಕ್ಕೆ ಅರ್ಜುನ್ ಸರ್ಜಾ ನಿರೂಪಕರು, ಜಾಗ ಜಾಂಜಿಬಾರ್. ಸಿನಿಮಾ, ಟಿವಿಯ ಪರಿಚಿತ ಮುಖಗಳನ್ನು ತಂದು ದಿನದ ಧಾರಾವಾಹಿಯ ಲಯದಲ್ಲಿ ನಡೆಸಿದರು. ಆ ಲಯವೇ ಆಟದ ಬಿಗಿಯನ್ನು ಸಡಿಲ ಮಾಡಿತು ಅಂತ ನನ್ನ ಅಭಿಪ್ರಾಯ.

ಈಗ ನೀವು ಏನು ಮಾಡಬಹುದು ಅಂತ ಹೇಳುತ್ತೇನೆ. ಅಮೆರಿಕದ ಅತ್ಯುತ್ತಮ ಸೀಸನ್ನನ್ನು ಇನ್ನೊಂದು ದೇಶದ ಯಾವುದೋ ಒಂದು ಸೀಸನ್ ಜೊತೆ ಇಟ್ಟು ನೋಡಬೇಡಿ. ಹಳೆಯ ಆಟಗಾರರು ಮರಳಿ ಬಂದ ಸೀಸನ್ನನ್ನು ಹೊಸಬರ ಸೀಸನ್ ಜೊತೆಗೂ ಬೇಡ. ಅವರಿಗೆ ಆಟ ಗೊತ್ತು, ಒಬ್ಬರಿಗೊಬ್ಬರು ಗೊತ್ತು. ಇನ್ನೊಂದು ಮಾತು, ಎರಡು ಮೂರು ಕಂತು ನೋಡಿ ತೀರ್ಮಾನಕ್ಕೆ ಬರಬೇಡಿ. ಆಸ್ಟ್ರೇಲಿಯಾದ್ದು ಬಿಸಿಯೇರಲು ಹೊತ್ತು ಬೇಕು.

ಹೋಲಿಕೆಗೆ ಹೇಳಿ ಮಾಡಿಸಿದ ಒಂದು ವರ್ಷ ಇದೆ, 2021. ಕೋವಿಡ್ ಕಾಲದಲ್ಲಿ ಮೂರು ದೇಶಗಳೂ ಇಕ್ಕಟ್ಟಿನಲ್ಲಿದ್ದವು, ಒಂದೊಂದೂ ಬೇರೆ ದಾರಿ ಹಿಡಿಯಿತು. ಅಮೆರಿಕ ಫಿಜಿಗೇ ಹೋಗಿ ದಿನ ಕಡಿಮೆ ಮಾಡಿತು. ಆಸ್ಟ್ರೇಲಿಯಾ ‘ಬ್ರೇನ್ಸ್ ವರ್ಸಸ್ ಬ್ರಾನ್’ ಸೀಸನ್ನನ್ನು ಸ್ವಂತ ನೆಲದಲ್ಲೇ, ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ಕ್ಲೋನ್‌ಕರಿಯಲ್ಲಿ ನಡೆಸಿತು. ಸಮುದ್ರವೇ ಇಲ್ಲ, ಧೂಳು ಮತ್ತು ಒಣನೆಲ. ದಕ್ಷಿಣ ಆಫ್ರಿಕಾ ‘ಇಮ್ಯೂನಿಟಿ ಐಲೆಂಡ್’ ಸೀಸನ್ನನ್ನು ತನ್ನದೇ ವೈಲ್ಡ್ ಕೋಸ್ಟ್ ಕರಾವಳಿಯಲ್ಲಿ 20 ಜನರನ್ನು ಇಟ್ಟುಕೊಂಡು ಮಾಡಿತು. ಈ ಮೂರನ್ನು ಒಂದರ ಹಿಂದೆ ಒಂದು ನೋಡಿ. ದಕ್ಷಿಣ ಆಫ್ರಿಕಾದ್ದು ಮೊದಲು, ಆಸ್ಟ್ರೇಲಿಯಾದ್ದು ಆಮೇಲೆ, ಅಮೆರಿಕದ 41 ಕೊನೆಗೆ. ದೀರ್ಘ ಆಟ ನೋಡಿ ಬಂದ ಕಣ್ಣಿಗೆ 26 ದಿನದ ಅವಸರ ತಾನಾಗಿಯೇ ಕಾಣುತ್ತದೆ. ಒಂದೊಂದು ಸೀಸನ್ ಶುರು ಮಾಡುವಾಗಲೂ ಎಷ್ಟು ಜನ, ಎಷ್ಟು ದಿನ, ಫೈನಲ್‌ನಲ್ಲಿ ಇಬ್ಬರೋ ಮೂವರೋ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಯಾರಾದರೂ ನಿಮಗೆ ಅರ್ಥವಾಗದ ನಡೆ ಇಟ್ಟಾಗ ಆ ಚೀಟಿ ನೋಡಿ.

ಕೋ-ಲಾಂಟಾ ನೋಡಲು ಭಾಷೆ ಅಡ್ಡ ಬರುತ್ತದೆ. ಫ್ರೆಂಚ್ ಬಾರದಿದ್ದರೆ ಕೌನ್ಸಿಲ್‌ನ ಮಾತುಗಳು ಕೈತಪ್ಪುತ್ತವೆ. ಆದರೂ ಯಾವುದಾದರೂ ಒಂದು ಸೀಸನ್ನಿನ ಕಂಬದ ಪಂದ್ಯವನ್ನಾದರೂ ನೋಡಿ. ಅದಕ್ಕೆ ಭಾಷೆ ಬೇಕಾಗಿಲ್ಲ.

‘ಆಸ್ಟ್ರೇಲಿಯಾ ವರ್ಸಸ್ ದ ವರ್ಲ್ಡ್’ ಅನ್ನುವ 2025ರ ಸೀಸನ್ನನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಅಮೆರಿಕದ ಪಾರ್ವತಿ ಶ್ಯಾಲೋ, ಸಿರೀ ಫೀಲ್ಡ್ಸ್, ಟೋನಿ ವ್ಲಾಕೋಸ್, ಜೊತೆಗೆ ಬೇರೆ ದೇಶಗಳ ಹಳಬರು ಒಂದೇ ನಿಯಮದಡಿ ಆಸ್ಟ್ರೇಲಿಯಾದವರ ಎದುರು ಆಡುತ್ತಾರೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗುವುದಿಲ್ಲ. ಆದರೆ ಅಲ್ಲಿ ಬಂದವರಲ್ಲಿ ಹಳೆಯ ಸೀಸನ್‌ಗಳ ವಿಜೇತರು ಇದ್ದಾರೆ, ಅದು ಮಾತಿನ ನಡುವೆ ಬಂದೇ ಬರುತ್ತದೆ. ಅವರ ಹಳೆಯ ಸೀಸನ್‌ಗಳನ್ನು ಮೊದಲು ಮುಗಿಸಿಕೊಳ್ಳಿ. ಅಲ್ಲಿಯವರೆಗೆ ಸ್ಪರ್ಧಿಗಳ ಹೆಸರನ್ನು ಗೂಗಲ್‌ನಲ್ಲಿ ಹುಡುಕಲು ಹೋಗಬೇಡಿ, ಮೊದಲ ಸಾಲಿನಲ್ಲೇ ಯಾರು ಗೆದ್ದರು ಅಂತ ತೋರಿಸಿಬಿಡುತ್ತದೆ.